ತೋಟದ ಬಟವಾಡೆ ಲೆಕ್ಕಕ್ಕೆ ಪ್ರೋಗ್ರಾಮಿಂಗ್ ಕಲಿಯಬೇಕು, ಮೊದಲು ಯಾವ ಭಾಷೆ?

ತೋಟದ ರೈಟರ್, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಹದಿನೇಳು ವರ್ಷವಾಯಿತು. ವಯಸ್ಸು 42. ಓದಿದ್ದು ಪಿಯುಸಿ ಕಾಮರ್ಸ್, ಕನ್ನಡ ಮಾಧ್ಯಮ. ಈಗ ಪ್ರೋಗ್ರಾಮ್ ಬರೆಯುವುದನ್ನು ಕಲಿಯಬೇಕು ಅಂತ ಮನಸ್ಸಾಗಿದೆ. ಕೆಲಸ ಬದಲಾಯಿಸಲು ಅಲ್ಲ. ಇದೇ ಕೆಲಸವನ್ನು ಸರಿಯಾಗಿ ಮಾಡಲು.

ತೋಟದ ರೈಟರ್ ಅಂದರೆ ಏನು ಮಾಡುತ್ತಾನೆ ಅಂತ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಎಂಟಕ್ಕೆ ಚೆಕ್‌ರೋಲ್ ಹಿಡಿದು ಹಾಜರಿ ಹಾಕುತ್ತೇನೆ. ಯಾರು ಬಂದರು, ಯಾರು ಅರ್ಧ ದಿನ, ಯಾರನ್ನು ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಕಳಿಸಿದೆವು, ಯಾರನ್ನು ಗೊಬ್ಬರಕ್ಕೆ ಎಲ್ಲ ಬರೆಯಬೇಕು. ಕುಯ್ಲಿನ ಕಾಲದಲ್ಲಿ ಸಂಜೆ ಪ್ರತಿಯೊಬ್ಬರ ಹಣ್ಣನ್ನು ತೂಕ ಹಾಕಿಸಿ ಕೆ.ಜಿ. ಬರೆದುಕೊಳ್ಳುತ್ತೇನೆ. ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ, ಬಟವಾಡೆ. ಹಿಂದಿನ ರಾತ್ರಿ ಕೂತು ಕ್ಯಾಲ್ಕುಲೇಟರ್‌ನಲ್ಲಿ ಎಲ್ಲರ ಲೆಕ್ಕ ತೆಗೆಯುತ್ತೇನೆ. ದಿನಗೂಲಿ, ಕುಯ್ಲಿನ ಕೂಲಿ, ಮುಂಗಡ ತೆಗೆದುಕೊಂಡವರ ಕಡಿತ, ಕಾಯಂ ಆಳುಗಳ ಪಿ.ಎಫ್. ಎಲ್ಲ ಮುಗಿಯುವಾಗ ರಾತ್ರಿ ಹನ್ನೊಂದಾಗುತ್ತದೆ.

ಎರಡು ವರ್ಷದ ಹಿಂದೆ ರೊಬಸ್ಟಾ ಕುಯ್ಲಿನಲ್ಲಿ ಒಂದು ಘಟನೆ ಆಯಿತು. ಬಟವಾಡೆ ತೆಗೆದುಕೊಂಡ ಒಬ್ಬ ಅಮ್ಮ ದುಡ್ಡು ಎಣಿಸಿ, 'ರೈಟ್ರೇ, ತೊಂಬತ್ತು ರೂಪಾಯಿ ಕಡಿಮೆ ಐತೆ' ಅಂದರು. ನಾನು ಪುಸ್ತಕ ನೋಡಿ, 'ಸರಿಯಾಗಿಯೇ ಇದೆ ಅಮ್ಮ' ಅಂದೆ. ಅವರು ವಾದ ಮಾಡಲಿಲ್ಲ. 'ಬನ್ನಿ ತೋರಿಸ್ತೀನಿ' ಅಂತ ಆಳುಗಳು ಇರುವ ಲೈನ್ ಮನೆಗೆ ಕರೆದುಕೊಂಡು ಹೋದರು. ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದಿದ್ದರು. ಹತ್ತು ಕೆ.ಜಿ.ಗೆ ಒಂದು ಉದ್ದ ಗೀಟು, ಒಂದು ಕೆ.ಜಿ.ಗೆ ಒಂದು ಗಿಡ್ಡ ಗೀಟು. ಬುಧವಾರದ ಸಾಲಿನಲ್ಲಿ ಆರು ಉದ್ದ, ನಾಲ್ಕು ಗಿಡ್ಡ. 64. ನನ್ನ ಪುಸ್ತಕದಲ್ಲಿ 46 ಅಂತ ಇತ್ತು. 18 ಕೆ.ಜಿ., ಆಗ ಕೆ.ಜಿ.ಗೆ 5 ರೂಪಾಯಿ. ಅಲ್ಲಿಗೆ ಸರಿಯಾಗಿ ತೊಂಬತ್ತು.

ಅವರಿಗೆ ಓದು ಬರಹ ಬರುವುದಿಲ್ಲ. ಅವರ ಗೋಡೆ ಸರಿ ಇತ್ತು, ನನ್ನ ಪುಸ್ತಕ ತಪ್ಪಿತ್ತು. ದುಡ್ಡು ಅವತ್ತೇ ಕೊಟ್ಟೆ. ಆದರೆ ಗೀಟು ಹಾಕದೆ ಇರುವವರ ಲೆಕ್ಕದಲ್ಲಿ ಎಷ್ಟು ಸಲ ಹೀಗಾಗಿದೆಯೋ ಅನ್ನುವುದು ಮನಸ್ಸಿನಿಂದ ಹೋಗಲಿಲ್ಲ. ಇದನ್ನು ಕಂಪ್ಯೂಟರ್‌ಗೆ ಹಾಕಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆದರೆ ಎಲ್ಲಿಂದ ಶುರು ಮಾಡುವುದು? ಬೆಂಗಳೂರಿನಲ್ಲಿರುವ ಅಕ್ಕನ ಮಗ ಜಾವಾ ಕಲಿ ಮಾವ ಅಂತಾನೆ. ಸಿ ಬಾರದಿದ್ದರೆ ಬುಡವೇ ಇಲ್ಲ ಅಂತ ಇನ್ನೊಬ್ಬರು. ವಿಡಿಯೋ ನೋಡಿದರೆ ಎಲ್ಲರೂ ಪೈಥಾನ್ ಅಂತಾರೆ. ಒಂದು ಕೋಚಿಂಗ್ ಸೆಂಟರ್‌ಗೂ ಸೇರಿದ್ದೆ. ಆರು ತಿಂಗಳಲ್ಲಿ ಐದು ಭಾಷೆ ಕಲಿಸುತ್ತೇವೆ ಅಂದರು. 5,000 ರೂಪಾಯಿ ಮುಂಗಡ ಕಟ್ಟಿದೆ. ಮೂರು ಭಾನುವಾರ ಇಂಗ್ಲಿಷ್‌ನಲ್ಲಿ ವ್ಯಾಖ್ಯೆಗಳನ್ನು ಬರೆಸಿದರು. ಕಂಪ್ಯೂಟರ್ ಮುಟ್ಟಲು ಒಂದು ದಿನವೂ ಸರದಿ ಬರಲಿಲ್ಲ. ಬಿಟ್ಟುಬಿಟ್ಟೆ.

ನನ್ನ ಹತ್ತಿರ ಇರುವುದು ತೋಟದ ಆಫೀಸಿನ ಹಳೆಯ ಕಂಪ್ಯೂಟರ್, ವಿಂಡೋಸ್ 7. ಸಂಜೆ ಬಳಸಿಕೊಳ್ಳಿ ಅಂತ ಸಾಹುಕಾರರು ಹೇಳಿದ್ದಾರೆ. ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದೆ. ಇಂಗ್ಲಿಷ್ ನಿಧಾನವಾಗಿ ಓದುತ್ತೇನೆ, ಪೂರ್ತಿ ಅರ್ಥ ಆಗುವುದಿಲ್ಲ. ಮಗಳು ಒಂಬತ್ತನೇ ಕ್ಲಾಸ್, ಅವಳೂ ಜೊತೆಗೆ ಕೂರುತ್ತೇನೆ ಅಂದಿದ್ದಾಳೆ. ದಿನಕ್ಕೆ ಒಂದು ಗಂಟೆ ಕೊಡಬಲ್ಲೆ. ಯಾವ ಭಾಷೆ ಹಿಡಿಯಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಡೇರಿ ಕಾರ್ಯದರ್ಶಿ, ಅರಕಲಗೂಡು

ರೈಟರೇ, ನಿಮ್ಮದೂ ನಮ್ಮದೂ ಒಂದೇ ಕಥೆ. ನಾನು ಹಾಲಿನ ಡೇರಿಯಲ್ಲಿ ಲೆಕ್ಕ ನೋಡುತ್ತೇನೆ. ಎರಡು ಹೊತ್ತು ಹಾಲು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ಅದರ ಮೇಲೆ ದರ. ಮಿಷನ್ ಬರುವ ಮೊದಲು ಎಲ್ಲ ಕೈಬರಹವೇ ಆಗಿತ್ತು.

ನನ್ನ ಮಾತು ಕೇಳುವುದಾದರೆ ಈಗಲೇ ಪ್ರೋಗ್ರಾಮಿಂಗ್ ಬೇಡ. ಎಕ್ಸೆಲ್ ಕಲಿಯಿರಿ. ದುಡ್ಡು ಕೊಡುವುದು ಬೇಡ ಅಂದರೆ ಲಿಬ್ರೆ ಆಫೀಸ್ ಕ್ಯಾಲ್ಕ್ ಇದೆ, ಉಚಿತ. ಅಡ್ಡಸಾಲಿನಲ್ಲಿ ಆಳಿನ ಹೆಸರು, ಮೇಲೆ ವಾರದ ದಿನಗಳು, ಕೊನೆಯಲ್ಲಿ ಸೂತ್ರ. ಎರಡು ದಿನದಲ್ಲಿ ಬಟವಾಡೆ ಶೀಟ್ ಸಿದ್ಧವಾಗುತ್ತದೆ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ, ಅದರಲ್ಲಿ ಕೆಲವು ಪಾಠಗಳಿಗೆ ಕನ್ನಡ ಧ್ವನಿ ಸಿಗುತ್ತದೆ. ನೋಡಿ.

ಇನ್ನೊಂದು ಹಳೆಯ ಲೆಕ್ಕದವರ ಗುಟ್ಟು ಹೇಳುತ್ತೇನೆ. 64 ಬರೆಯುವ ಕಡೆ 46 ಬರೆದರೆ ವ್ಯತ್ಯಾಸ 18. 73ಕ್ಕೆ 37 ಬರೆದರೆ 36. 810ಕ್ಕೆ 180 ಬರೆದರೆ 630. ಎಲ್ಲವೂ ಒಂಬತ್ತರಿಂದ ಭಾಗವಾಗುತ್ತವೆ. ಅಂಕಿ ಹಿಂದೆ ಮುಂದೆ ಆದಾಗ ಯಾವಾಗಲೂ ಹೀಗೆಯೇ. ಒಟ್ಟು ಮೊತ್ತ ತಾಳೆಯಾಗದೆ, ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಎಲ್ಲೋ ಅಂಕಿ ತಿರುವು ಮುರುವು ಆಗಿರಬಹುದು ಅಂತ ಮೊದಲು ಅಲ್ಲೇ ಹುಡುಕುತ್ತೇವೆ. ನಮಗೆ ಇದನ್ನು ಕಲಿಸಿದವರು ಹಿಂದಿನ ಕಾರ್ಯದರ್ಶಿಗಳು.

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ

ರೈಟರೇ, ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಸಾಲಗಾಮೆ ರಸ್ತೆಯಲ್ಲಿ ಮನೆ. ಬೇಸಿಕ್, ಕೋಬಾಲ್, ಸಿ, ಜಾವಾ ಎಲ್ಲ ಕಲಿಸಿದ್ದೇನೆ. ಕೊನೆಯ ವರ್ಷಗಳಲ್ಲಿ ಪೈಥಾನ್. ನಿಮ್ಮ ಪ್ರಶ್ನೆಗೆ ಉತ್ತರ: ಪೈಥಾನ್ ಹಿಡಿಯಿರಿ. ಯಾಕೆ ಅಂತ ಹೇಳುತ್ತೇನೆ, ಸುಮ್ನೆ ಹೆಸರು ಹೇಳಿ ಹೋಗುವುದಿಲ್ಲ.

ಮೊದಲು ಒಂದು ಸಂಗತಿ. ನೀವು ಮಾಡಹೊರಟಿರುವುದು ಕಂಪ್ಯೂಟರ್‌ನ ಅತಿ ಹಳೆಯ ಕೆಲಸಗಳಲ್ಲಿ ಒಂದು. ಲಂಡನ್ನಿನಲ್ಲಿ ಜೆ. ಲಯನ್ಸ್ ಅಂತ ಟೀ ಅಂಗಡಿಗಳ ಕಂಪನಿ ಇತ್ತು. ವ್ಯಾಪಾರದ ಲೆಕ್ಕಕ್ಕೆ ಅಂತಲೇ ಅವರು ಲಿಯೋ ಎಂಬ ಕಂಪ್ಯೂಟರ್ ಕಟ್ಟಿಸಿದರು. 1951ರಲ್ಲಿ ಅದು ಕೆಲಸ ಶುರು ಮಾಡಿತು. ಸ್ವಲ್ಪ ವರ್ಷಗಳಲ್ಲೇ ನೌಕರರ ಸಂಬಳದ ಲೆಕ್ಕವನ್ನೂ ಅದರಲ್ಲೇ ತೆಗೆಯತೊಡಗಿದರು. ಟೀ ಮಾರುವವರು ಎಪ್ಪತ್ತು ವರ್ಷದ ಹಿಂದೆ ಮಾಡಿದ್ದನ್ನು ಕಾಫಿ ಬೆಳೆಯುವ ಕಡೆ ನೀವು ಈಗ ಮಾಡುತ್ತೀರಿ. ತಡವಾಯಿತು ಅಂತ ಅಂದುಕೊಳ್ಳಬೇಡಿ.

ಪೈಥಾನ್ ಯಾಕೆ? ಇದನ್ನು ಬರೆದವರು ನೆದರ್‌ಲ್ಯಾಂಡ್ಸ್‌ನ ಗೈಡೊ ವಾನ್ ರೋಸಮ್. ಅದಕ್ಕೂ ಮೊದಲು ಅವರು ಎಬಿಸಿ ಎಂಬ ಭಾಷೆಯ ಕೆಲಸದಲ್ಲಿದ್ದರು. ಅದನ್ನು ಮಾಡಿದ್ದೇ ಪ್ರೋಗ್ರಾಮರ್ ಅಲ್ಲದವರೂ ಕಲಿಯಲಿ ಅಂತ. ಅಲ್ಲಿ ಕಲಿತದ್ದನ್ನು ಇಟ್ಟುಕೊಂಡು 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಶುರು ಮಾಡಿದರು. 1991ರಲ್ಲಿ ಹೊರಗೆ ಬಂತು. ಆ ಗುಣ ಇವತ್ತಿಗೂ ಅದರಲ್ಲಿದೆ. ಸಿ ಭಾಷೆಯಲ್ಲಿ ಮೊದಲ ಸಾಲು ಪರದೆಗೆ ಬರುವ ಮೊದಲೇ ಹೆಡರ್, ಮೇನ್, ಬ್ರಾಕೆಟ್ಟು ಎಲ್ಲ ಬರೆಯಬೇಕು. 'ಇದೆಲ್ಲ ಈಗ ಕೇಳಬೇಡಿ, ಸುಮ್ನೆ ಬರೆದುಕೊಳ್ಳಿ' ಅಂತ ನಾನೇ ಎಷ್ಟೋ ಬ್ಯಾಚ್‌ಗಳಿಗೆ ಹೇಳಿದ್ದೇನೆ. ಹಾಗೆ ಹೇಳುವುದು ನನಗೆ ಯಾವತ್ತೂ ಹಿಡಿಸಲಿಲ್ಲ. ಪೈಥಾನ್‌ನಲ್ಲಿ ಬರೆದ ಪ್ರತಿ ಸಾಲಿಗೂ ಮೊದಲ ದಿನವೇ ಅರ್ಥ ಹೇಳಬಹುದು.

ಇದು ನಿಮಗೆ ಬಹಳ ಮುಖ್ಯ. ನಾಳೆ ಆ ಅಮ್ಮ ಬಂದು ಲೆಕ್ಕ ಕೇಳಿದರೆ 'ಕಂಪ್ಯೂಟರ್ ಹೀಗೆ ತೋರಿಸುತ್ತಿದೆ' ಅಂದರೆ ಆಗುವುದಿಲ್ಲ. ಯಾವ ಸಾಲಿನಲ್ಲಿ ಯಾವ ಗುಣಾಕಾರ ಆಯಿತು ಅಂತ ನೀವು ಬಾಯಲ್ಲಿ ಹೇಳುವ ಹಾಗಿರಬೇಕು. ನಿಮ್ಮ ಮೊದಲ ಭಾಷೆಯನ್ನು ಅದಕ್ಕಾಗಿ ಆರಿಸಿ, ಮಾರುಕಟ್ಟೆಯಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ ಅಂತ ನೋಡಿ ಅಲ್ಲ.

ಈಗ ಕೆಲಸದ ಮಾತು. ವಿಂಡೋಸ್ 7ರಲ್ಲಿ ಹೊಸ ಪೈಥಾನ್ ಇನ್‌ಸ್ಟಾಲ್ ಆಗುವುದಿಲ್ಲ. 3.8 ಅದಕ್ಕೆ ಕೊನೆಯದು. ಪೈಥಾನ್‌ನ ಅಧಿಕೃತ ತಾಣದಲ್ಲಿ 3.8ನ್ನೇ ಹುಡುಕಿ ಇಳಿಸಿಕೊಳ್ಳಿ. ಕಲಿಯಲು ಅದು ಧಾರಾಳ ಸಾಕು. ಜೊತೆಗೆ ಐಡಲ್ ಅಂತ ಒಂದು ಕಿಟಕಿ ಬರುತ್ತದೆ, ಬರೆದು ಓಡಿಸಲು ಅಷ್ಟಿದ್ದರೆ ಆಯಿತು. ಫೋನ್‌ನಲ್ಲಿ ಪೈಡ್ರಾಯ್ಡ್ 3 ಹಾಕಿಕೊಂಡರೆ ನೆಟ್ ಇಲ್ಲದಿದ್ದರೂ ಓಡುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ಟವರ್ ಎರಡೂ ಕೈಕೊಡುತ್ತವೆ ಅಲ್ವಾ, ಆಗ ಉಪಯೋಗಕ್ಕೆ ಬರುತ್ತದೆ.

ಮೊದಲ ವಾರ ಒಬ್ಬರ ಲೆಕ್ಕ ಮಾತ್ರ ಮಾಡಿ. ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಿರಿ: ದಿನಗೂಲಿ ಕೇಳು, ಎಷ್ಟು ದಿನ ಕೇಳು, ಗುಣಿಸು, ಮುಂಗಡ ಕಳೆ, ಹೇಳು. ಐದು ಸಾಲು. ಅದನ್ನೇ ಪೈಥಾನ್‌ಗೆ ಬರೆಯಿರಿ. 450 ರೂಪಾಯಿಯಂತೆ ಐದೂವರೆ ದಿನಕ್ಕೆ 2,475 ಬಂತಾ ನೋಡಿ. ಬಂದ ಮೇಲೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಕಲಿತು ಎಲ್ಲ ಆಳುಗಳಿಗೆ ಹಬ್ಬಿಸಿ. ಪೈಥಾನ್ 3ರಲ್ಲಿ ಅಂಕಿ ಇಟ್ಟುಕೊಳ್ಳಲು ನಾವು ಕೊಡುವ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಕೂಲಿ, ದಿನ, ಮುಂಗಡ ಅಂತ ಬರೆದರೆ ಅದು ಒಪ್ಪುತ್ತದೆ. ಪ್ರಿಂಟ್ ಇಂಥ ಸಿದ್ಧ ಕೆಲಸಗಳ ಹೆಸರು ಮತ್ತು ಇಫ್, ಫಾರ್ ಇಂಥ ಭಾಷೆಯ ಮೀಸಲು ಪದ ಮಾತ್ರ ಇಂಗ್ಲಿಷ್. ಮೀಸಲು ಪದಗಳು ಮೂವತ್ತೈದಕ್ಕೆ ಆಚೀಚೆ, ದಿನವೂ ಬೇಕಾಗುವುದು ಅದರಲ್ಲಿ ಹತ್ತೋ ಹನ್ನೆರಡೋ.

ಕಾರ್ಯದರ್ಶಿಗಳು ಹೇಳಿದ ಕ್ಯಾಲ್ಕ್ ಒಳ್ಳೆಯ ಸಲಹೆ. ಈ ವಾರದ ಬಟವಾಡೆಗೆ ಅದು ಸಾಕು. ಆದರೆ ನಿಮ್ಮ ಪತ್ರದಲ್ಲಿ ಕಲಿಯುವ ಆಸೆ ಕಾಣುತ್ತಿದೆ. ಅದಕ್ಕೇ ಇಷ್ಟು ಬರೆದೆ.

ಮೂಡಿಗೆರೆ ಹುಡುಗಿ

ರೈಟರ್ ಅಣ್ಣ, ನಮ್ಮ ಅಪ್ಪ ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ ಮೇಸ್ತ್ರಿ ಆಗಿದ್ದವರು. ಬಟವಾಡೆಯ ಸಾಲಿನಲ್ಲಿ ನಿಂತವರ ಮಗಳಾಗಿ ನಿಮ್ಮ ಪತ್ರ ಓದಿದೆ. ಆ ತೊಂಬತ್ತು ರೂಪಾಯಿಯನ್ನು ಎರಡು ವರ್ಷ ನೆನಪಿಟ್ಟುಕೊಂಡಿದ್ದೀರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾಸನದಲ್ಲಿ ಇಂಜಿನಿಯರಿಂಗ್. ಈಗ ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಮೊದಲ ಭಾಷೆ ಸಿ. ಲ್ಯಾಬ್‌ನಲ್ಲಿ ಟರ್ಬೊ ಸಿ ಇತ್ತು, ನೀಲಿ ಪರದೆಯದು. ಅಲ್ಲಿ 80 ಜನರಿಗೆ 450ರಂತೆ ಕೂಲಿ ಗುಣಿಸುವ ಪ್ರೋಗ್ರಾಮ್ ಬರೆದೆ, ಅಪ್ಪನ ತೋಟದ ಲೆಕ್ಕ ಅಂತಲೇ. 36,000 ಬರಬೇಕಿತ್ತು. ಮೈನಸ್ 29,536 ಬಂತು. ಇಡೀ ಮಧ್ಯಾಹ್ನ ಕೂತೆ. ಟರ್ಬೊ ಸಿಯಲ್ಲಿ ಇಂಟ್, ಅಂದರೆ ಪೂರ್ಣಸಂಖ್ಯೆ ಇಡುವ ಜಾಗ, 16 ಬಿಟ್ ಮಾತ್ರ, 32,767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಯುವುದಿಲ್ಲ ಅಂತ ಸಂಜೆ ಸೀನಿಯರ್ ಒಬ್ಬರು ಹೇಳಿದರು. 36,000ದಿಂದ 65,536 ಕಳೆದು ನೋಡಿ, ಅದೇ ಬರುತ್ತದೆ. ಕೊಳಗ ತುಂಬಿದ ಮೇಲೂ ಸುರಿದ ಹಾಗೆ. ಕಂಪ್ಯೂಟರ್ ಒಳಗೆ ಸಂಖ್ಯೆಗೂ ಜಾಗ ಬೇಕು ಅಂತ ಅವತ್ತು ಗೊತ್ತಾಯಿತು. ಪೈಥಾನ್‌ನಲ್ಲಿ ಕಲಿತಿದ್ದರೆ ಅದು ನನಗೆ ಎಷ್ಟೋ ವರ್ಷ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಪೂರ್ಣಸಂಖ್ಯೆಗೆ ಆ ಮಿತಿ ಇಲ್ಲ.

ಹಾಗಾಗಿ ನಿಮ್ಮ ಮಗಳು ಮುಂದೆ ಈ ದಾರಿಯಲ್ಲಿ ಹೋಗುವುದಾದರೆ ಸಿ ಅವಳಿಗೆ ಯಾವಾಗಲಾದರೂ ಬೇಕು. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1972ರ ಹೊತ್ತಿಗೆ ಕಟ್ಟಿದ ಭಾಷೆ ಅದು. ಲಿನಕ್ಸ್‌ನ (ಕಂಪ್ಯೂಟರ್ ನಡೆಸುವ ಒಂದು ಆಪರೇಟಿಂಗ್ ಸಿಸ್ಟಮ್) ತಿರುಳು ಬರೆದದ್ದು ಸಿಯಲ್ಲಿ. ನಾವೆಲ್ಲ ಇಳಿಸಿಕೊಳ್ಳುವ ಪೈಥಾನ್ ಅನ್ನು ಬರೆದದ್ದೂ ಸಿಯಲ್ಲೇ. ನಿಮಗೆ ಮಾತ್ರ ಪೈಥಾನ್ ಸರಿ. ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ.

ಆದರೆ ಎರಡು ವಿಷಯ ಹೇಳಲೇಬೇಕು. ಕನ್ನಡದಲ್ಲಿ ಹೆಸರಿಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಕೀಲಿಮಣೆ ಪದೇ ಪದೇ ಬದಲಾಯಿಸಬೇಕು, ಬೇರೆಯವರ ಸಹಾಯ ಕೇಳುವುದೂ ಕಷ್ಟ. ಕೂಲಿಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಸಾಕು.

ಎರಡನೆಯದು ಇನ್ನೂ ಮುಖ್ಯ. ನೀವು ಹೇಳಿದ ಆ ತಪ್ಪನ್ನು ಪ್ರೋಗ್ರಾಮ್ ಹಿಡಿಯುತ್ತಿರಲಿಲ್ಲ. ಯಾವ ಭಾಷೆಯಲ್ಲಿ ಬರೆದರೂ ಅಷ್ಟೇ. ನಿಮ್ಮ ಗುಣಾಕಾರ ಸರಿ ಇತ್ತು. ಬರೆದುಕೊಂಡದ್ದೇ 46. ಕಂಪ್ಯೂಟರ್‌ಗೂ ನೀವು 46 ಅಂತಲೇ ಕೊಡುತ್ತಿದ್ದಿರಿ, ಅದು ಚೆಂದವಾಗಿ 230 ರೂಪಾಯಿ ಅಂತ ಹೇಳುತ್ತಿತ್ತು. ಆ ಅಮ್ಮನ ಗೋಡೆ ಯಾಕೆ ಕೆಲಸ ಮಾಡಿತು? ಅದು ನಿಮ್ಮ ಪುಸ್ತಕ ನೋಡಿ ಬರೆದ ಲೆಕ್ಕ ಅಲ್ಲ, ಬೇರೆಯೇ ಲೆಕ್ಕ. ನಿಮ್ಮ ತೋಟದಲ್ಲಿ ಅಂಥ ಇನ್ನೊಂದು ಲೆಕ್ಕ ಇದೆಯಾ? ಒಬ್ಬೊಬ್ಬರ ತೂಕ ಆದ ಮೇಲೆ ಹಣ್ಣನ್ನು ಮತ್ತೆ ಎಲ್ಲಾದರೂ ತೂಗುತ್ತೀರಾ?

ತೋಟದ ರೈಟರ್, ಸಕಲೇಶಪುರ

ತಂಗಿ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎರಡು ವರ್ಷದಿಂದ ಕಂಪ್ಯೂಟರ್ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ ಅಂದುಕೊಂಡೇ ಇದ್ದೆ. ನೀವು ಹೇಳಿದ್ದು ನಿಜ.

ಹೌದು, ಮತ್ತೆ ತೂಗುತ್ತೇವೆ. ತೋಟದಲ್ಲಿ ಒಬ್ಬೊಬ್ಬರದು ತೂಕ ಆದ ಮೇಲೆ ಟ್ರ್ಯಾಕ್ಟರ್‌ನಲ್ಲಿ ಕಣಕ್ಕೆ ಬರುತ್ತದೆ. ಅಲ್ಲಿ ಮೂಟೆಗಳನ್ನು ಇನ್ನೊಂದು ಸಲ ತೂಗಿ ಕಣದ ಪುಸ್ತಕಕ್ಕೆ ಬರೆಯುತ್ತಾರೆ. ಅದನ್ನು ಬರೆಯುವವರು ಬೇರೆ. ಎರಡು ಪುಸ್ತಕವನ್ನು ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಹಳೆಯ ಪುಸ್ತಕ ತೆಗೆಸಿ ಆ ಬುಧವಾರ ನೋಡಿದೆ. 28 ಜನರ ಮೊತ್ತ ನನ್ನದರಲ್ಲಿ 1,842. ಕಣದಲ್ಲಿ 1,860. ಸರಿಯಾಗಿ 18. ಕಾರ್ಯದರ್ಶಿಗಳೇ, ಒಂಬತ್ತರಿಂದ ಭಾಗ ಆಯಿತು ನೋಡಿ. ಸಾಮಾನ್ಯವಾಗಿ ಒಂದೆರಡು ಕೆ.ಜಿ. ಆಚೀಚೆ ಇರುತ್ತದೆ, ಹದಿನೆಂಟು ಇರುವುದಿಲ್ಲ.

ಹತ್ತು ದಿನದಲ್ಲಿ ಮಾಡಿದ್ದು ಹೇಳುತ್ತೇನೆ. ಪೈಥಾನ್ 3.8 ಬಂತು. ಒಬ್ಬರ ಲೆಕ್ಕ ಬರೆದೆ. ಓಡಿಸಿ, 450 ಅಂತ ಕೊಟ್ಟು, 6 ದಿನ ಅಂತ ಕೊಟ್ಟರೆ 450450450450450450 ಅಂತ ಬಂತು. ಮಗಳು ಬೆರಳಿಟ್ಟು ಎಣಿಸಿ, 'ಅಪ್ಪಾ, 450 ಆರು ಸಲ ಬಂದಿದೆ' ಅಂದಳು. ಆಮೇಲೆ ಓದಿ ತಿಳಿದುಕೊಂಡೆವು. ಇನ್‌ಪುಟ್‌ನಿಂದ ಬಂದದ್ದು ಸಂಖ್ಯೆ ಅಲ್ಲ, ಬರಹ. ದಿನಕ್ಕೆ ಇಂಟ್ ಹಾಕಿದ್ದೆ, ಕೂಲಿಗೆ ಹಾಕಿರಲಿಲ್ಲ. ಬರಹವನ್ನು ಆರರಿಂದ ಗುಣಿಸಿದರೆ ಅದು ಆರು ಸಲ ಬರೆಯುತ್ತದೆ. ಅದು ಗೊತ್ತಾದಾಗ ಆದ ಖುಷಿ ಹೇಳಲು ಬರುವುದಿಲ್ಲ. ಅರ್ಧ ದಿನದ ಹಾಜರಿಗೆ ಇಂಟ್ ಆಗುವುದಿಲ್ಲ, ದಶಮಾಂಶದ ಸಂಖ್ಯೆ ಹಿಡಿಯುವ ಫ್ಲೋಟ್ ಬೇಕು ಅಂತಲೂ ಗೊತ್ತಾಯಿತು.

ಈಗ ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಕೂಲಿ, ದಿನ, ಮುಂಗಡ ಅಂತ ಕನ್ನಡದಲ್ಲಿ ಹೆಸರಿಟ್ಟೆ, ನಡೆಯಿತು. ಚೆಕ್‌ರೋಲ್ ಅಂತ ಇಟ್ಟೆ, ನಡೆಯಲಿಲ್ಲ. 'ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಇನ್ ಐಡೆಂಟಿಫೈಯರ್' ಅಂತ ಮಗಳು ಓದಿದಳು, ಹೆಸರಿನಲ್ಲಿ ಸಲ್ಲದ ಅಕ್ಷರ ಇದೆ ಅಂತ ಅರ್ಥ. ಅಕ್ಷರಗಳನ್ನು ನಾಲ್ಕು ಸಲ ಅಳಿಸಿ ಬರೆದೆವು. ತಪ್ಪು ಕಾಣುತ್ತಲೇ ಇಲ್ಲ.

ಎರಡನೆಯದು ನನಗೆ ಹೆಚ್ಚು ಚಿಂತೆ. ವಾರದ ಮೊತ್ತದಲ್ಲಿ 50 ಪೈಸೆ ಬಂದರೆ ನಮ್ಮಲ್ಲಿ ಮೇಲಿನ ರೂಪಾಯಿಗೆ ಏರಿಸುವ ಪದ್ಧತಿ. ಪೈಥಾನ್‌ನಲ್ಲಿ ರೌಂಡ್ ಅಂತ ಇದೆ ಅಂತ ಕಂಡು ಅದನ್ನು ಹಾಕಿದೆ. ಹೋದ ವರ್ಷದ ಒಂದು ವಾರವನ್ನು ಕೊಟ್ಟು ಪುಸ್ತಕದ ಜೊತೆ ತಾಳೆ ನೋಡಿದೆ. ಒಬ್ಬರದು 411.5 ಕೆ.ಜಿ., 2,057 ರೂಪಾಯಿ 50 ಪೈಸೆ, ಅದು 2,058 ಮಾಡಿತು. ಸರಿ. ಇನ್ನೊಬ್ಬರದು 412.5 ಕೆ.ಜಿ., 2,062 ರೂಪಾಯಿ 50 ಪೈಸೆ. ಅದನ್ನು 2,062 ಮಾಡಿತು. ಅದೇ ಐವತ್ತು ಪೈಸೆ, ಒಬ್ಬರಿಗೆ ಮೇಲೆ, ಒಬ್ಬರಿಗೆ ಕೆಳಗೆ. ಹೀಗೆ ಐದು ಜನರಿಗೆ ಒಂದೊಂದು ರೂಪಾಯಿ ಕಡಿಮೆ. ಒಂದು ರೂಪಾಯಿ ಅಲ್ವಾ ಅನ್ನಬಹುದು. ನನಗೆ ಹಾಗೆ ಅನ್ನಲು ಆಗುವುದಿಲ್ಲ.

ಮೂಡಿಗೆರೆ ಹುಡುಗಿ

ಅಣ್ಣ, ಮೊದಲನೆಯದಕ್ಕೆ ನಾನು ಹೇಳುತ್ತೇನೆ. ನಿಮಗೆ ಕಾಣದ ಅಕ್ಷರ ಅಲ್ಲಿ ನಿಜವಾಗಿಯೂ ಇದೆ. ಚೆಕ್ ಆದ ಮೇಲೆ ರೋಲ್ ಬರೆದರೆ ಕನ್ನಡದಲ್ಲಿ ಕ, ರ ಎರಡೂ ಕೂಡಿಕೊಂಡು 'ಚೆಕ್ರೋಲ್' ಅಂತ ಆಗುತ್ತದೆ. ಹಾಗೆ ಕೂಡದಿರಲಿ ಅಂತ ನಡುವೆ ಒಂದು ಅಗಲವಿಲ್ಲದ ಗುರುತು ಹಾಕುತ್ತೇವೆ. ನಿಮ್ಮ ಕೀಲಿಮಣೆ ಅದನ್ನು ಹಾಕಿದೆ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ) ಅದರ ಸಂಖ್ಯೆ 200ಸಿ. ಪೈಥಾನ್ ಹೆಸರುಗಳಲ್ಲಿ ಕನ್ನಡ ಅಕ್ಷರ, ಒತ್ತು, ಗುಣಿತ ಎಲ್ಲ ಸರಿ, ಆ ಗುರುತು ಮಾತ್ರ ಒಪ್ಪುವುದಿಲ್ಲ. ಹೊಸ ಪೈಥಾನ್ ಆಗಿದ್ದರೆ 200ಸಿ ಅಂತ ಸಂಖ್ಯೆ ಸಮೇತ ಹೇಳುತ್ತಿತ್ತು. 3.8 ಅಷ್ಟು ಬಿಡಿಸಿ ಹೇಳುವುದಿಲ್ಲ.

ಹೆಸರನ್ನು 'ಹಾಜರಿ' ಅಂತ ಬದಲಾಯಿಸಿ, ಸರಿಹೋಗುತ್ತದೆ. ನೀವು ಇಷ್ಟು ದೂರ ಕನ್ನಡದಲ್ಲೇ ಬಂದಿದ್ದೀರಿ, ಹಾಗೆಯೇ ಮುಂದುವರಿಯಿರಿ. ನನ್ನ ಮೊದಲ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನೀವಿಬ್ಬರೂ ಕೂತು ಓದಿ ತಪ್ಪು ಹುಡುಕುತ್ತಿದ್ದೀರಲ್ಲ, ಹೆಸರು ಕನ್ನಡದಲ್ಲಿ ಇರುವುದರಿಂದಲೇ ಅದು ಸಾಧ್ಯವಾಗಿದೆ ಅನ್ನಿಸುತ್ತದೆ.

ಅಂದ ಹಾಗೆ ಇದನ್ನು ಮಗಳಿಗೆ ತೋರಿಸಿ. 'ಹಾಸನ' ಅನ್ನುವ ಪದದ ಉದ್ದ ಎಷ್ಟು ಅಂತ ಪೈಥಾನ್‌ನ ಲೆನ್‌ನಲ್ಲಿ ಕೇಳಿದರೆ 4 ಅನ್ನುತ್ತದೆ. ನಾವು ಎಣಿಸಿದರೆ ಮೂರು. ಹ ಒಂದು, ಅದರ ದೀರ್ಘ ಇನ್ನೊಂದು. 'ಚಿಕ್ಕಮಗಳೂರು' ಕೇಳಿದರೆ 11. ಯಾಕೆ ಅಂತ ಅವಳೇ ಬಿಡಿಸಲಿ.

ಪಾಲಿಟೆಕ್ನಿಕ್ ಮೇಷ್ಟ್ರು, ಹಾಸನ

ರೈಟರೇ, ಆ ಒಂದು ರೂಪಾಯಿಯನ್ನು ನೀವು ಹಿಡಿದದ್ದು ನೋಡಿ ನನಗೆ ಬಹಳ ಸಂತೋಷವಾಯಿತು. ಪುಸ್ತಕದ ಜೊತೆ ತಾಳೆ ನೋಡದಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಪೈಥಾನ್ 3ರ ರೌಂಡ್‌ಗೆ ಒಂದು ನಿಯಮ ಇದೆ. ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 2,057.5ಕ್ಕೆ ಹತ್ತಿರದ ಸಮಸಂಖ್ಯೆ 2,058, ಹಾಗಾಗಿ ಏರಿತು. 2,062.5ಕ್ಕೆ 2,062, ಹಾಗಾಗಿ ಇಳಿಯಿತು. ಅರ್ಧವನ್ನು ಯಾವಾಗಲೂ ಮೇಲಕ್ಕೇ ಏರಿಸಿದರೆ ಸಾವಿರಾರು ಸಂಖ್ಯೆ ಕೂಡಿದಾಗ ಮೊತ್ತ ಒಂದೇ ಕಡೆ ವಾಲುತ್ತದೆ, ಅದನ್ನು ತಪ್ಪಿಸಲು ಈ ನಿಯಮ. ಅಂಥ ಲೆಕ್ಕಗಳಿಗೆ ಅದು ಒಳ್ಳೆಯದೇ. ನಿಮ್ಮ ಬಟವಾಡೆಗೆ ನಿಮ್ಮ ತೋಟದ ಪದ್ಧತಿಯೇ ನಿಯಮ. ಅದನ್ನು ಪ್ರೋಗ್ರಾಮ್‌ಗೆ ನೀವೇ ಹೇಳಬೇಕು.

ಒಂದು ದಾರಿ ಇದೆ. ರೂಪಾಯಿ ಬಿಡಿ, ಲೆಕ್ಕವನ್ನೆಲ್ಲ ಪೈಸೆಯಲ್ಲಿ ಮಾಡಿ. 2,062 ರೂಪಾಯಿ 50 ಪೈಸೆ ಅಂದರೆ 2,06,250 ಪೈಸೆ. ಪೂರ್ಣಸಂಖ್ಯೆ. ಅದಕ್ಕೆ 50 ಕೂಡಿಸಿ, ಎರಡು ಓರೆಗೆರೆಯ ಭಾಗಾಕಾರದಿಂದ 100ರಲ್ಲಿ ಭಾಗಿಸಿ. ಆ ಭಾಗಾಕಾರ ಶೇಷವನ್ನು ಬಿಟ್ಟು ಪೂರ್ಣಸಂಖ್ಯೆ ಮಾತ್ರ ಕೊಡುತ್ತದೆ. 2,063 ಬರುತ್ತದೆ. ದುಡ್ಡನ್ನು ಫ್ಲೋಟ್‌ನಲ್ಲಿ ಇಡುವುದು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 0.1ಕ್ಕೆ 0.2 ಕೂಡಿಸಿ ಅಂತ ಪೈಥಾನ್‌ಗೆ ಹೇಳಿ ನೋಡಿ. 0.30000000000000004 ಬರುತ್ತದೆ. ಒಳಗಿನ ಲೆಕ್ಕ ಎರಡರ ಘಾತಗಳಲ್ಲಿ ನಡೆಯುತ್ತದೆ, ಅದರಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಪೈಥಾನ್ ಒಂದೇ ಅಲ್ಲ, ಸಿ, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಹೀಗೆಯೇ.

ಕಣದ ಪುಸ್ತಕದ ಜೊತೆ ತಾಳೆ ನೋಡುವುದನ್ನು ಎರಡನೇ ಪ್ರೋಗ್ರಾಮ್ ಮಾಡಿ. ದಿನದ ಎಲ್ಲ ತೂಕ ಕೂಡಿಸು, ಕಣದ ತೂಕ ಕೇಳು, ವ್ಯತ್ಯಾಸ ಐದು ಕೆ.ಜಿ.ಗಿಂತ ಜಾಸ್ತಿ ಇದ್ದರೆ ಎಚ್ಚರಿಸು. ಅದು ಒಂಬತ್ತರಿಂದ ಭಾಗವಾದರೆ 'ಅಂಕಿ ತಿರುವು ನೋಡಿ' ಅಂತ ಹೇಳು. ಶೇಷ ತಿಳಿಯಲು ಪರ್ಸೆಂಟ್ ಗುರುತು ಬಳಸಬೇಕು. ನೆನಪಿಡಿ, ಎರಡು ತೂಕದ ನಡುವೆ ಒಂದೆರಡು ಕೆ.ಜಿ. ಹೇಗೂ ಆಚೀಚೆ ಇರುವುದರಿಂದ 18ರ ಬದಲು 17 ಅಥವಾ 19 ಕೂಡ ಬರಬಹುದು. ಆದ್ದರಿಂದ ಒಂಬತ್ತರ ಸುಳಿವನ್ನು ಸುಳಿವು ಅಂತ ಮಾತ್ರ ನೋಡಿ, ಐದು ಕೆ.ಜಿ.ಯ ಎಚ್ಚರಿಕೆಯನ್ನು ಗಟ್ಟಿಯಾಗಿ ಹಿಡಿಯಿರಿ.

ತೋಟದ ರೈಟರ್, ಸಕಲೇಶಪುರ

ಮೇಷ್ಟ್ರೇ, ಪೈಸೆಗೆ ಬದಲಾಯಿಸಿದೆ. ಹೋದ ವರ್ಷದ ನಾಲ್ಕು ವಾರ ಕೊಟ್ಟು ನೋಡಿದೆ, ಎಲ್ಲರದೂ ಪುಸ್ತಕಕ್ಕೆ ತಾಳೆಯಾಯಿತು. ಒಂದು ಕಡೆ ಮಾತ್ರ ಆಗಲಿಲ್ಲ. ಹುಡುಕಿದರೆ ಪುಸ್ತಕದ್ದೇ ತಪ್ಪು. ಒಬ್ಬರ ಮುಂಗಡವನ್ನು ಎರಡು ಸಲ ಕಡಿದಿದ್ದೆ, 300 ರೂಪಾಯಿ. ಅವರು ಈಗ ಊರಿಗೆ ಹೋಗಿದ್ದಾರೆ. ಸಾಹುಕಾರರಿಗೆ ಹೇಳಿದ್ದೇನೆ, ಕುಯ್ಲಿಗೆ ಬಂದಾಗ ಕೊಡುತ್ತೇವೆ.

ಮಗಳು 'ಚಿಕ್ಕಮಗಳೂರು' ಹನ್ನೊಂದು ಯಾಕೆ ಅಂತ ನೋಟ್‌ಬುಕ್‌ನಲ್ಲಿ ಒಂದೊಂದಾಗಿ ಬಿಡಿಸಿ ಬರೆದಳು. ಸರಿಯಾಗಿ ಹನ್ನೊಂದು ಬಂತು.

ಈ ವಾರದ ಬಟವಾಡೆಯಲ್ಲಿ ಗೋಡೆಗೆ ಗೀಟು ಹಾಕುವ ಆ ಅಮ್ಮನನ್ನು ಆಫೀಸಿಗೆ ಕರೆದು ಅವರ ಒಂದೊಂದೇ ದಿನದ ಹಾಜರಿಯನ್ನು ಪರದೆ ನೋಡಿ ಓದಿ ಹೇಳಿದೆ. ಅವರು ಬೆರಳು ಮಡಚಿಕೊಂಡು ಕೇಳಿಸಿಕೊಂಡರು. 'ಸರಿ ಐತೆ' ಅಂದರು. ಆಮೇಲೆ, 'ಗೀಟು ಬಿಡಲ್ಲ ಕಣ್ರೀ' ಅಂದರು. ಬಿಡಬೇಡಿ ಅಮ್ಮ ಅಂದೆ.

ಈಗ ಮುಂದಿನ ತೊಂದರೆ. ಪ್ರೋಗ್ರಾಮ್ ಮುಚ್ಚಿದರೆ ಕೊಟ್ಟ ಅಂಕಿಗಳೆಲ್ಲ ಹೋಗುತ್ತವೆ. ಫೈಲ್‌ನಲ್ಲಿ ಉಳಿಸಲು ನೋಡಿದೆ. ಅಂಕಿ ಉಳಿಯುತ್ತದೆ, ಕನ್ನಡದ ಹೆಸರು ಬಂದ ಕೂಡಲೇ ಯುನಿಕೋಡ್ ಎನ್‌ಕೋಡ್ ಎರರ್ ಅಂತ ನಿಲ್ಲುತ್ತದೆ.

ಡೇರಿ ಕಾರ್ಯದರ್ಶಿ, ಅರಕಲಗೂಡು

ರೈಟರೇ, ನಿಮ್ಮನ್ನು ನೋಡಿ ನಾನೂ ಶುರು ಮಾಡಿದ್ದೇನೆ. ಇದೇ ಎರರ್ ನನಗೂ ಬಂದಿತ್ತು, ಹೋದ ಮಂಗಳವಾರ. ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಬರೆದಿಡುವ ಕ್ರಮ) ಯಾವುದು ಅಂತ ನಾವೇ ಹೇಳಬೇಕು. ಹೇಳದಿದ್ದರೆ ವಿಂಡೋಸ್ ತನ್ನ ಹಳೆಯದನ್ನೇ ಹಿಡಿದುಕೊಳ್ಳುತ್ತದೆ, ಅದರಲ್ಲಿ ಕನ್ನಡ ಇಲ್ಲ. ಯುಟಿಎಫ್-8 ಅಂತ ಕೊಡಿ, ಉಳಿಯುತ್ತದೆ. ಆ ಫೈಲನ್ನು ಎಕ್ಸೆಲ್‌ನಲ್ಲೂ ತೆರೆಯಬೇಕು ಅಂದರೆ ಯುಟಿಎಫ್-8-ಸಿಗ್ ಅಂತ ಕೊಡಿ. ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಹೆಸರುಗಳು ಏನೇನೋ ಆಗಿ ಕಾಣುತ್ತವೆ. ಹೆಸರು, ದಿನ, ಕೆ.ಜಿ. ನಡುವೆ ಅಲ್ಪವಿರಾಮ ಹಾಕಿ, ಒಬ್ಬರಿಗೆ ಒಂದು ಸಾಲು. ಫೈಲ್ ಹೆಸರಿನ ಕೊನೆಗೆ ಸಿಎಸ್‌ವಿ.

ಪ್ರತಿ ದಿನಕ್ಕೂ ಬೇರೆ ಫೈಲ್ ಮಾಡಿ, ತಾರೀಖಿನ ಹೆಸರಿಡಿ. ನಾನು ಒಂದೇ ಫೈಲ್‌ಗೆ ಬರೆಯುತ್ತಾ ಹೋಗಿ, ತೆರೆಯುವಾಗ ಡಬ್ಲ್ಯೂ ಅಂತ ಕೊಟ್ಟು, ಮೂರು ದಿನದ ಹಾಲಿನ ಲೆಕ್ಕ ಅಳಿಸಿಹೋಯಿತು. ಪುಸ್ತಕದಲ್ಲಿ ಇತ್ತು, ಮತ್ತೆ ಕೂತು ಹೊಡೆದೆ. ಹಿಂದಿನದು ಉಳಿದು ಮುಂದಕ್ಕೆ ಸೇರಬೇಕು ಅಂದರೆ ಎ ಅಂತ ಕೊಡಬೇಕು.